ಮಾತಿನೊಳಗಿನ ಮಾತು



ರಾಯದುರ್ಗ, ಮಡಕಶಿರಾ ಕಡೆಯ ನಮಗೆ ಒಂದೇ ದಿನದಲ್ಲಿ ಮೂರು ಭಾಷೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮಕ್ಕಳ ಪುಸ್ತಕದಲ್ಲಿ ಇಂಗ್ಲಿಷ್. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಯಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಕ್ಷೆಯ ಗೆರೆ ಎಲ್ಲಿ ಹೋದರೂ ಮನೆಯ ಮಾತು ಮನೆಯಲ್ಲೇ ಉಳಿದಿದೆ. ಈಗ ನಮ್ಮ ಯುವಕ ಯುವತಿಯರು ಮೊಬೈಲಿನಲ್ಲಿ ಇಂಗ್ಲಿಷ್ ಬೈಬಲ್ ಓದುತ್ತಾರೆ, ಇಂಗ್ಲಿಷ್ ಪ್ರಸಂಗ ಕೇಳುತ್ತಾರೆ. ಸಂತೋಷದ ವಿಷಯ. ಆದರೆ ಒಂದು ಎಚ್ಚರ ಬೇಕು.

'ಅವನು ಕೈಕೊಟ್ಟ' ಎಂದರೆ ಮೋಸ ಮಾಡಿದ ಎಂದು ನಮಗೆ ಗೊತ್ತು. ತೆಲುಗಿನಲ್ಲೂ ಕೈಕೊಡುವುದೆಂದರೆ ಅದೇ. ಇಂಗ್ಲಿಷಿನಲ್ಲಿ 'ಗಿವ್ ಎ ಹ್ಯಾಂಡ್' ಎಂದರೆ ಸಹಾಯ ಮಾಡು ಎಂದು. ಕೈ ಒಂದೇ, ಅರ್ಥ ತಿರುವುಮುರುವು. 'ಹೊಟ್ಟೆ ಉರಿಯಿತು' ಎಂದರೆ ಯಾರೂ ನೀರು ತರಲು ಓಡುವುದಿಲ್ಲ. ಇಂಥ ಮಾತನ್ನು ನಮಗೆ ಅಜ್ಜಿಯ ಮಡಿಲು ಕಲಿಸಿತು. ಇಂಗ್ಲಿಷಿಗೆ ನಮ್ಮಲ್ಲಿ ಅಂಥ ಅಜ್ಜಿ ಇಲ್ಲ. ಆದ್ದರಿಂದ ಪದದ ಅರ್ಥ ಸಿಕ್ಕೊಡನೆ ಮಾತಿನ ಅರ್ಥವೂ ಸಿಕ್ಕಿತೆಂದು ತಿಳಿಯುತ್ತೇವೆ.

ಒಂದು ಉದಾಹರಣೆ. ದೇವರು ತಮ್ಮ ಜನರನ್ನು ಕಾಪಾಡಿದ ಬಗೆಯನ್ನು ಹೇಳುವಾಗ (ಧರ್ಮೋಪದೇಶಕಾಂಡ 32:10) ಅನೇಕ ಇಂಗ್ಲಿಷ್ ಬೈಬಲುಗಳಲ್ಲಿ 'ಕಣ್ಣಿನ ಆಪಲ್' ಎಂಬ ಮಾತಿದೆ. ಅದು ಸೇಬುಹಣ್ಣಲ್ಲ, ಕಣ್ಣಪಾಪೆ. ಅಲ್ಲಿರುವ ಹೀಬ್ರೂ ಪದಕ್ಕೆ ಪುಟ್ಟ ಮನುಷ್ಯ ಎಂಬ ಅರ್ಥವಿದೆ: ಎದುರಿಗೆ ನಿಂತವರ ಪುಟ್ಟ ರೂಪ ಕಣ್ಣಿನೊಳಗೆ ಕಾಣುತ್ತದಲ್ಲ, ಅದು. ನಮ್ಮ 'ಪಾಪೆ' ಎಂಬ ಪದಕ್ಕೂ ಗೊಂಬೆ ಎಂಬ ಅರ್ಥವುಂಟು. ಈ ಮಾತಿನ ಹತ್ತಿರಕ್ಕೆ ನಮ್ಮನ್ನು ಮನೆಯ ಕನ್ನಡವೇ ಕರೆದೊಯ್ಯುತ್ತದೆ.

ಯೇಸುಸ್ವಾಮಿಯ ಶಿಷ್ಯರಿಗೂ ಈ ತೊಡಕಿತ್ತು. ಫರಿಸಾಯರ ಹುಳಿಹಿಟ್ಟಿನ ವಿಷಯದಲ್ಲಿ ಎಚ್ಚರವಾಗಿರಿ ಎಂದಾಗ, ನಾವು ರೊಟ್ಟಿ ತರಲಿಲ್ಲವಲ್ಲ ಎಂದು ಅವರು ಚಿಂತಿಸಿದರು. ಲಾಜರನು ನಿದ್ರಿಸುತ್ತಿದ್ದಾನೆ ಎಂದಾಗ, ಹಾಗಾದರೆ ಗುಣವಾಗುತ್ತಾನೆ ಎಂದರು. ಎರಡು ಸಲವೂ ಸ್ವಾಮಿ ಬಿಡಿಸಿ ಹೇಳಿದರು: ಹುಳಿಹಿಟ್ಟೆಂದರೆ ಅವರ ಬೋಧನೆ, ನಿದ್ರೆಯೆಂದರೆ ಸಾವು. ಅರ್ಥವಾಗದಿರುವುದು ಪಾಪವಲ್ಲ. ಕೇಳದೆ, ವಿಚಾರಿಸದೆ ನಡೆದುಬಿಡುವುದೇ ಅಪಾಯ.

ಅಪಾಯ ಸಣ್ಣದಲ್ಲ. ಪಾಪಕ್ಕೆ ಎಳೆಯುವ ಕೈಯನ್ನು ಕಡಿದುಹಾಕು ಎಂಬ ಮಾತು ಮತ್ತಾಯನ ಶುಭಸಂದೇಶದಲ್ಲಿದೆ. ಧರ್ಮಸಭೆ ಅದನ್ನು ಅಂಗಚ್ಛೇದಕ್ಕೆ ಅನುಮತಿಯೆಂದು ತಿಳಿಯಲಿಲ್ಲ. 325ರ ನೈಸಿಯಾ ಮಹಾಸಭೆಯ ಮೊದಲನೆಯ ನಿಯಮವೇ, ಆರೋಗ್ಯವಾಗಿದ್ದೂ ತನ್ನ ಅಂಗವನ್ನು ತಾನೇ ಛೇದಿಸಿಕೊಂಡವನು ಗುರುಪದವಿಯಲ್ಲಿರಕೂಡದು ಎಂದು ಹೇಳಿತು. ಲೂಕನಲ್ಲಿ (14:26) ತಂದೆತಾಯಿಯನ್ನು 'ಹೇಟ್' ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಓದಿದ ಮಗ ಮನೆಯಲ್ಲಿ ಮುಖ ತಿರುಗಿಸಬಾರದು. ಅದೇ ಬೋಧನೆ ಮತ್ತಾಯನಲ್ಲಿ (10:37) ಸ್ಪಷ್ಟವಾಗಿದೆ: ನನಗಿಂತ ಹೆಚ್ಚಾಗಿ ಅವರನ್ನು ಪ್ರೀತಿಸಬೇಡ ಎಂಬುದೇ ಅದರ ಸಾರ. ಕ್ರಿಸ್ತರ ಗಾಯಗಳಿಂದ ನಾವು ಗುಣಹೊಂದಿದೆವು ಎಂಬ ಪೇತ್ರನ ಮಾತನ್ನು ಹಿಡಿದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಟ್ಟುಬಿಡಬೇಡಿ. ಆ ವಾಕ್ಯದಲ್ಲೇ (1 ಪೇತ್ರ 2:24) ಪಾಪಕ್ಕೆ ಸತ್ತು ನೀತಿಗೆ ಜೀವಿಸುವ ವಿಷಯವಿದೆ. ಸಿರಾಖನ ಗ್ರಂಥದ 38ನೇ ಅಧ್ಯಾಯವಂತೂ ವೈದ್ಯನನ್ನು ಗೌರವಿಸು, ಅವನನ್ನು ಸೃಷ್ಟಿಸಿದವರು ದೇವರೇ ಎನ್ನುತ್ತದೆ. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ.

ಹಾಗಾದರೆ ರೂಪಕವನ್ನು ಗುರುತಿಸುವುದು ಹೇಗೆ? ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಮಾತಿನ ಹಿಂದೆ ಮುಂದೆ ಏನಿದೆ? ಇದೇ ವಿಷಯವನ್ನು ಪವಿತ್ರ ಗ್ರಂಥ ಬೇರೆಡೆ ಹೇಗೆ ಹೇಳಿದೆ? ನಾನು ಮಾಡಿಕೊಂಡ ಅರ್ಥದಿಂದ ದೇವರ ಮೇಲಿನ ಪ್ರೀತಿ, ನೆರೆಯವರ ಮೇಲಿನ ಪ್ರೀತಿ ಬೆಳೆಯುತ್ತದೆಯೇ? ಕೊನೆಯ ಅಳತೆಗೋಲನ್ನು ಕೊಟ್ಟವರು ಸಂತ ಅಗುಸ್ಟೀನರು. ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರ 'ದೇಯಿ ವೆರ್ಬುಮ್' ಪತ್ರದ 12ನೇ ಭಾಗದಲ್ಲಿ, ಬರೆದವರ ಕಾಲದ ಮಾತಿನ ರೀತಿಯನ್ನು ಗಮನಿಸಿ ಓದಿರೆಂದು ಕಲಿಸಿದೆ.

ಇನ್ನೊಂದು ತಪ್ಪು ದಾರಿಯೂ ಇದೆ: ಕಷ್ಟವಾದದ್ದನ್ನೆಲ್ಲ 'ಅದು ಬರೀ ರೂಪಕ' ಎಂದು ತಳ್ಳಿಹಾಕುವುದು. ಯೊವಾನ್ನನ 6ನೇ ಅಧ್ಯಾಯ ನೋಡಿ. ಈತ ತನ್ನ ಮಾಂಸವನ್ನು ತಿನ್ನಲು ಹೇಗೆ ಕೊಟ್ಟಾನು ಎಂದು ಜನ ಗೊಣಗಿದರು. ಹುಳಿಹಿಟ್ಟಿನ ಮಾತನ್ನು ಬಿಡಿಸಿ ಹೇಳಿದ ಸ್ವಾಮಿ, ಇಲ್ಲಿ ತಮ್ಮ ಮಾತನ್ನು ಮತ್ತಷ್ಟು ಬಲವಾಗಿಯೇ ಹೇಳಿದರು. ಅನೇಕರು ಬಿಟ್ಟುಹೋದರು. ಹನ್ನೆರಡು ಮಂದಿಯನ್ನೂ, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದರೇ ಹೊರತು ಮಾತನ್ನು ಹಿಂದೆಗೆದುಕೊಳ್ಳಲಿಲ್ಲ. ಅದಕ್ಕೇ ಪರಮಪ್ರಸಾದದ ಮುಂದೆ ನಾವು ಮಂಡಿಯೂರುತ್ತೇವೆ. ಹಾಗೆಯೇ ಮತ್ತಾಯನ 25ನೇ ಅಧ್ಯಾಯದ ಹಸಿದವನ ಹಸಿವು ನಿಜವಾದ ಹಸಿವು. ಕೈ ಕಡಿಯುವ ಮಾತು ರೂಪಕ, ನಿಜ; ಆದರೆ ಕುಡಿತವನ್ನೋ ಮೊಬೈಲ್ ಜೂಜನ್ನೋ ಕಡಿದುಹಾಕಬೇಕಾದದ್ದು ರೂಪಕವಲ್ಲ.

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಮಕ್ಕಳು ಮತ್ತಾಯ 11:28-30ನ್ನು ಇಂಗ್ಲಿಷಿನಲ್ಲಿ ಓದಲಿ. 'ಯೋಕ್' ಎಂಬ ಪದವನ್ನು ಅವರು ಬಲ್ಲರು. ನೊಗವನ್ನು ಹಿರಿಯರು ಬಲ್ಲರು. ನೊಗ ಸರಿಯಾಗಿ ಕೂರದಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಸರಿಯಾಗಿ ಕೂತರೆ ಜೋಡಿ ಹಗುರಾಗಿ ನಡೆಯುತ್ತದೆ ಎಂದು ಅಜ್ಜ ಹೇಳಲಿ. ಆಗ ಸ್ವಾಮಿಯ ನೊಗ ಏಕೆ ಹಗುರವೆಂದು ಅಜ್ಜನಿಗೂ ಮೊಮ್ಮಗಳಿಗೂ ಒಟ್ಟಿಗೇ ತಿಳಿದೀತು.

ಎಮ್ಮಾವುಸಿನ ದಾರಿಯಲ್ಲಿ ಇಬ್ಬರು ಶಿಷ್ಯರಿಗೆ ಪವಿತ್ರ ಗ್ರಂಥವನ್ನು ಬಿಡಿಸಿ ಹೇಳಿದ ಪುನರುತ್ಥಾನಿ ಕ್ರಿಸ್ತರು ನಮ್ಮ ಮೂರು ಭಾಷೆಗಳ ದಾರಿಯಲ್ಲೂ ಜೊತೆಗೆ ನಡೆಯಲಿ, ನಮ್ಮ ಬುದ್ಧಿಯನ್ನು ತೆರೆಯಲಿ. ಆಮೆನ್.