ಕೊಟ್ಟ ಪ್ರಾಣ, ಕಿತ್ತುಕೊಂಡ ಪ್ರಾಣ

ನಮ್ಮ ಮಧುಗಿರಿ, ಶಿರಾ ಕಡೆ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ವೀರಗಲ್ಲುಗಳು ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ಅದೇ ವೀರ. ಹೋರಾಡಿ ಸತ್ತರೆ ನೇರ ಸ್ವರ್ಗ ಎನ್ನುವುದು ಹಿಂದಿನವರ ನಂಬಿಕೆ.

ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿದವಳು. ನಮ್ಮಲ್ಲೂ ಸೈನಿಕನ ಸಾವನ್ನು ಶಿಲುಬೆಯ ಸಾವಿಗೆ ಹೋಲಿಸುವವರಿದ್ದಾರೆ. ಸ್ನೇಹಿತರಿಗಾಗಿ ಪ್ರಾಣ ಕೊಡುವ ಪ್ರೀತಿಯ ಬಗ್ಗೆ ಯೇಸುಸ್ವಾಮಿ ಹೇಳಿದ ಮಾತು ಇಂಗ್ಲೆಂಡಿನ ಎಷ್ಟೋ ಯುದ್ಧಸ್ಮಾರಕಗಳ ಮೇಲಿದೆ. ನನಗೆ ಈ ಹೋಲಿಕೆ ಪೂರ್ತಿ ಒಪ್ಪಿಗೆಯಿಲ್ಲ. ಶಿಲುಬೆಯ ಮೇಲಿದ್ದವರು ಯಾರನ್ನೂ ಕೊಂದಿರಲಿಲ್ಲ. ಪೇತ್ರ ಕತ್ತಿ ಎಳೆದಾಗ ಅದನ್ನು ಒರೆಗೆ ಸೇರಿಸೆಂದರು. ಹಾಗೆಂದು ಸಿಪಾಯಿಯನ್ನು ಅವರು ಹೀಗಳೆದವರೂ ಅಲ್ಲ. ಕಪೆರ್ನೌಮಿನ ಶತಾಧಿಪತಿಯ ನಂಬಿಕೆ ಕಂಡು ಬೆರಗಾದರು. ಆದರೆ ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾವಾಗಿ ಕೊಡುತ್ತಿದ್ದೇವೆ ಎಂಬುದನ್ನು ಅವರು ಸ್ಪಷ್ಟಪಡಿಸಿದ್ದರು. ಸಿಪಾಯಿಯ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಬಹುದೆ?

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರುಗಳು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಟರ್ಕಿಯವರಿಂದ ಗೆದ್ದರು. ಮಷಿನ್ ಗನ್ನುಗಳ ಎದುರು ಭರ್ಜಿ ಹಿಡಿದ ಕುದುರೆ ಸವಾರರು! ಮೈಸೂರಿನವರು ಹತ್ತಿದ್ದು ಪ್ರವಾದಿ ಎಲೀಯನ ಕರ್ಮೆಲ್ ಬೆಟ್ಟ. ಯೇಸುಸ್ವಾಮಿ ಬೆಳೆದ ನಜರೇತ್ ಅಲ್ಲಿಂದ ದೂರವಿಲ್ಲ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರು ಸವಾರನದು. ಅವರು ಯಾರ ಸ್ವಾತಂತ್ರ್ಯಕ್ಕಾಗಿ ಸತ್ತರು? ಆಗ ನಮ್ಮ ದೇಶಕ್ಕೇ ಸ್ವಾತಂತ್ರ್ಯವಿರಲಿಲ್ಲ. ಯುದ್ಧ ಸಾಮ್ರಾಜ್ಯದ್ದು, ಆಜ್ಞೆ ಅಧಿಕಾರಿಯದು. ಆದರೂ ಪಕ್ಕದ ಸವಾರ ಬಿದ್ದಾಗ ಅವನಿಗಾಗಿ ಕುದುರೆ ತಿರುಗಿಸಿದವನೊಬ್ಬನಿದ್ದರೆ, ಅದೊಂದು ಅವನದೇ. ಆ ಕ್ಷಣದಲ್ಲಿ ಅವನು ಯಾರ ಆಳೂ ಅಲ್ಲ.

ಕೊರಟಗೆರೆ, ಪಾವಗಡದ ಮಳೆಯಿಲ್ಲದ ಹಳ್ಳಿಗಳಿಂದ ಸೇನೆಗೆ ಹೋಗುವ ಹುಡುಗರಲ್ಲಿ ದೇಶಪ್ರೇಮ ಇಲ್ಲವೆಂದಲ್ಲ. ಮನೆಯ ಸಾಲವೂ ಇರುತ್ತದೆ. ಹಾಗಾಗಿ ಅವರ ಪ್ರಾಣ ಅರ್ಧ ಕೊಟ್ಟದ್ದು, ಅರ್ಧ ಕಿತ್ತುಕೊಂಡದ್ದು ಎಂದೇ ನನಗನಿಸುತ್ತದೆ. ನಾವು ಹೆಂಗಸರು ಇದನ್ನು ಬೇಗ ತಿಳಿಯಬಲ್ಲೆವು. ತಮ್ಮಂದಿರ ಓದಿಗಾಗಿ ಶಾಲೆ ಬಿಡಿಸಿದ ಹುಡುಗಿಯನ್ನು 'ಎಂಥ ತ್ಯಾಗ' ಎಂದು ಹೊಗಳುತ್ತೇವೆ. ಅವಳನ್ನು ಕೇಳಿದ್ದೆವೆ? ವೀರಗಲ್ಲಿನ ಪಕ್ಕದ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈ ಮೇಲೆತ್ತಿರುತ್ತದೆ. ಅದು ತಾನಾಗಿ ಎತ್ತಿದ ಕೈಯೆ ಎಂದು ಪ್ರತಿಸಲವೂ ಅನುಮಾನ ಬರುತ್ತದೆ.

ಇನ್ನು ಸೈನ್ಯ ತಂದುಕೊಡುವ ಬಿಡುಗಡೆಯ ಮಾತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ನಮ್ಮ ಮಧುಗಿರಿಯಲ್ಲಿ ಸೆರೆಯಿಟ್ಟ. 1767ರಲ್ಲಿ ಮರಾಠರು ಕೋಟೆ ಹಿಡಿದು ಆಕೆಯನ್ನು ಬಿಡಿಸಿದರು. ಪುಣೆಯ ದಾರಿಯಲ್ಲೇ ಆಕೆ ತೀರಿಕೊಂಡಳು. ಸೈನ್ಯ ಬಾಗಿಲು ತೆರೆಯಬಲ್ಲದು. ಅದು ಸಣ್ಣ ಕೆಲಸವಲ್ಲ, ಒಳಗಿದ್ದವರನ್ನು ಕೇಳಬೇಕು. ಆದರೆ ಆ ನಾಲ್ಕು ವರ್ಷ ಆಕೆಯ ಮನಸ್ಸು ದ್ವೇಷದಲ್ಲಿ ಬೆಂದಿತ್ತೋ ತಣ್ಣಗಿತ್ತೋ, ಅದು ಯಾವ ಸೈನ್ಯದ ಕೈಯಲ್ಲೂ ಇರಲಿಲ್ಲ.

ಗಡಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನನಗೆ ಪರಿಚಯ. ಮಣ್ಣಿಗೆ ಬಂದವರೆಲ್ಲ 'ಅಳಬೇಡಿ, ಹೆಮ್ಮೆಪಡಿ' ಎಂದರು. ಲಾಜರನ ಸಮಾಧಿಯ ಮುಂದೆ ಯೇಸುಸ್ವಾಮಿಯೇ ಅತ್ತರಲ್ಲ! ಶಿಲುಬೆಯ ಬಳಿ ಮರಿಯಮ್ಮ ನಿಂತಿದ್ದಳೆಂದು ಸುವಾರ್ತೆ ತಿಳಿಸುತ್ತದೆ. ಹೆಮ್ಮೆಪಟ್ಟಳೆಂದು ಎಲ್ಲೂ ಇಲ್ಲ. ಈ ತಾಯಿ ವರ್ಷಗಟ್ಟಲೆ ಅತ್ತರು, 'ನನ್ನ ಮಗನನ್ನು ನಾನು ಕೊಡಲಿಲ್ಲ, ತೆಗೆದುಕೊಂಡರು' ಎಂದೇ ಹೇಳಿದರು. ಈಗ ಸಂಜೆಯ ಪ್ರಾರ್ಥನೆಯಲ್ಲಿ ಗಡಿಯ ಆಚೆ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನೂ ನೆನೆಯುತ್ತಾರೆ. ನೆಂಟರಲ್ಲಿ ಕೆಲವರಿಗೆ ಅದು ಹಿಡಿಸಿಲ್ಲ. ಅವರೇನೂ ಬಿಟ್ಟಿಲ್ಲ.