ಗುಡ್ಡೆ ಹಾಕಿದವನ ಪಾಲು

ನಮ್ಮ ಬಿಲ್ಡಿಂಗಿನಲ್ಲಿ ಆರು ಮನೆ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತಲ್ಲ, ಆಗ ಶುರುವಾದ ವ್ಯವಸ್ಥೆ ಇದು. ಭಾನುವಾರ ಬೆಳಗಿನ ಜಾವ ಒಬ್ಬರು ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಹೋಗಿ ಸಗಟಿನಲ್ಲಿ ತರಕಾರಿ ತರೋದು, ಆರೂ ಮನೆಯವರು ಹಂಚಿಕೊಳ್ಳೋದು. ರೇಟು ಇಳಿದ ಮೇಲೂ ಇದು ನಿಲ್ಲಲಿಲ್ಲ. ಒಬ್ಬರು ಅಂದರೆ ನಾನೇ. ‘ನೀವು ಹಳ್ಳಿಯವರು, ತರಕಾರಿ ನೋಡಿದರೆ ಗೊತ್ತಾಗುತ್ತೆ’ ಅಂತ ನನ್ನ ತಲೆಗೆ ಕಟ್ಟಿದರು. ನನಗೂ ಒಳಗೊಳಗೇ ಖುಷಿ. ಆಫೀಸಿನಲ್ಲಿ ನನ್ನ ಹಳ್ಳಿತನಕ್ಕೆ ಯಾವತ್ತೂ ಸಿಗದ ಮರ್ಯಾದೆ ಪಾರ್ಕಿಂಗಿನಲ್ಲಿ ಸಿಕ್ಕಿತ್ತು. (ಅಪ್ಪ ಬೆಳೆದ ಟೊಮೆಟೊಗೆ ಮಂಡಿಯಲ್ಲಿ ರೇಟು ಕಡಿಯುತ್ತಿದ್ದವರನ್ನು ಬೈದುಕೊಂಡು ಬೆಳೆದವನು ನಾನು. ಈಗ ಬಾಕ್ಸಿಗೆ ಇಪ್ಪತ್ತು ರೂಪಾಯಿ ಇಳಿಸಿ ಅಂತ ನಾನೇ ಚೌಕಾಸಿ ಮಾಡ್ತೀನಿ. ಅದು ಬೇರೆಯೇ ಕತೆ, ಇನ್ನೊಮ್ಮೆ ಬರೀತೀನಿ.)

ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ. ಮನೆಗೆ ಎರಡೂವರೆ ಕೆಜಿ. ಪಾರ್ಕಿಂಗಿನಲ್ಲಿ ಪೇಪರ್ ಹಾಸಿ, ಡಿಜಿಟಲ್ ತಕ್ಕಡಿ ಇಟ್ಟು ಗ್ರಾಂ ಲೆಕ್ಕದಲ್ಲಿ ತೂಗ್ತೀನಿ. ದುಡ್ಡು ಯುಪಿಐನಲ್ಲಿ ಪೈಸೆ ಸಮೇತ ಬರುತ್ತೆ. ಇದಕ್ಕಿಂತ ನ್ಯಾಯ ಇನ್ನೇನು ಬೇಕು ಅಂದುಕೊಂಡಿದ್ದೆ.

ಆದರೆ ಬಾಕ್ಸಿನ ಮೇಲಿನ ಸಾಲು ಮದುವೆಮನೆಗೆ ಹೊರಟ ಹಾಗೆ ಹೊಳೀತಿರುತ್ತೆ. ತಳದಲ್ಲಿರೋದು ಅಷ್ಟೂ ಭಾರ ಹೊತ್ತು ಬಂದಿರುತ್ತೆ, ಒಡೆದಿರುತ್ತೆ, ನೀರು ಬಿಟ್ಟಿರುತ್ತೆ. ನಾನು ಮೊದಲು ತುಂಬುತ್ತಿದ್ದದ್ದು ನಮ್ಮನೆ ಚೀಲ. ನಾಲ್ಕೂವರೆಗೆ ಎದ್ದು ಹೋದವನು ನಾನಲ್ವಾ? ಬೇರೆಯವರು ಬಂದ ಹಾಗೆ ತುಂಬಿಸಿಕೊಂಡು ಹೋಗ್ತಿದ್ದರು. ಕೊನೆಗೆ ಬರ್ತಿದ್ದವರು ಕೆಳಗಿನ ಮನೆಯ ಟೀಚರಮ್ಮ. ರಿಟೈರಾಗಿ ಹನ್ನೆರಡು ವರ್ಷ, ಒಬ್ಬರೇ ಇದ್ದಾರೆ. ಪೂಜೆ ಮುಗಿಸಿ, ಮಂಡಿ ಹಿಡಿದುಕೊಂಡು ಬರೋ ಹೊತ್ತಿಗೆ ಉಳಿದಿರ್ತಿದ್ದದ್ದು ತಳ. ತೂಕ ಮಾತ್ರ ಸರಿಯಾಗಿ ಎರಡೂವರೆ ಕೆಜಿ.

ಒಂದು ಸಂಜೆ ಕೊರಿಯರ್ ಕೊಡೋಕೆ ಅವರ ಮನೆಗೆ ಹೋಗಿದ್ದೆ. ಅಡುಗೆಮನೆ ಕಟ್ಟೆ ಮೇಲೆ ಟೊಮೆಟೊ ಹರಡಿಕೊಂಡು ಒಂದೊಂದನ್ನೇ ಕೊಯ್ತಿದ್ದರು. ಕೆಟ್ಟ ಭಾಗ ಒಂದು ತಟ್ಟೆಗೆ, ಚೆನ್ನಾಗಿರೋದು ಒಂದು ಪಾತ್ರೆಗೆ. ತಟ್ಟೆಯೇ ಹೆಚ್ಚು ತುಂಬಿತ್ತು. ‘ಸಾರಿಗೆ ತಾನೇ ಕಣಪ್ಪಾ, ನಡೆಯುತ್ತೆ’ ಅಂದರು. ನಾನು ಕೇಳಿರಲೇ ಇಲ್ಲ.

ನಮ್ಮೂರಲ್ಲಿ ಯುಗಾದಿ ಮಾರನೇ ದಿನ ಹೊಸತೊಡಕು. ವರ್ಷವೆಲ್ಲ ಚೀಟಿ ಕಟ್ಟಿ, ಆ ದುಡ್ಡಲ್ಲಿ ಆಡು ತಂದು, ಕೊಯ್ದು ಗುಡ್ಡೆ ಹಾಕ್ತಾರೆ. ಎಷ್ಟು ಮನೆಯೋ ಅಷ್ಟು ಗುಡ್ಡೆ. ಒಂದೊಂದು ಗುಡ್ಡೆಗೂ ಸ್ವಲ್ಪ ತೊಡೆ, ಸ್ವಲ್ಪ ಮೂಳೆ, ಸ್ವಲ್ಪ ಬೋಟಿ, ಬೆರಳಷ್ಟು ಲಿವರು. ಗುಡ್ಡೆ ಹಾಕ್ತಿದ್ದದ್ದು ನಮ್ಮ ದೊಡ್ಡಪ್ಪ. ಹಾಕಿ ಮುಗಿದ ಮೇಲೆ ಒಬ್ಬ ಹುಡುಗನನ್ನು ಆ ಕಡೆ ಮುಖ ಮಾಡಿ ನಿಲ್ಲಿಸೋರು. ಒಂದು ಗುಡ್ಡೆ ಮುಟ್ಟಿ ‘ಇದು ಯಾರಿಗ್ಲಾ?’ ಅಂತ ಕೇಳಿದರೆ ಹುಡುಗ ಒಂದು ಹೆಸರು ಕೂಗಬೇಕು. ಎರಡು ಸಲ ಆ ಹುಡುಗ ನಾನೇ ಆಗಿದ್ದೆ. ನಮ್ಮನೆ ಹೆಸರು ಯಾವಾಗ ಕೂಗಬೇಕು ಅಂತ ಒದ್ದಾಡಿದ್ದು ನೆನಪಿದೆ. ಕೂಗಿದ್ದರೂ ಉಪಯೋಗವಿರಲಿಲ್ಲ. ಎಲ್ಲ ಗುಡ್ಡೆಯೂ ಒಂದೇ ಥರ ಇರ್ತಿತ್ತು. ಯಾವುದು ತನಗೆ ಬರುತ್ತೋ ಗೊತ್ತಿಲ್ಲದವನು ಯಾವುದನ್ನೂ ಕಳಪೆ ಮಾಡಲ್ಲ.

ಜಾನ್ ರಾಲ್ಸ್ ಅನ್ನೋ ಅಮೆರಿಕದ ತತ್ವಶಾಸ್ತ್ರಜ್ಞ 1971ರ ಪುಸ್ತಕದಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳ್ತಾನೆ. ಸಮಾಜದಲ್ಲಿ ನೀನು ಯಾರಾಗಿ ಹುಟ್ತೀಯ ಅಂತ ಗೊತ್ತಿಲ್ಲ ಅಂದುಕೊಂಡು ನಿಯಮ ಮಾಡು, ಆಗ ನ್ಯಾಯದ ನಿಯಮ ಹುಟ್ಟುತ್ತೆ ಅಂತ. ದೊಡ್ಡಪ್ಪ ರಾಲ್ಸನ್ನ ಓದಿರಲಿಲ್ಲ, ಬಿಡಿ. ನಾನು ಓದಿದ್ದೆ, ತಳದ ಟೊಮೆಟೊ ತೂಗಿ ಕೊಡ್ತಿದ್ದೆ.

ಹಾಗಾದರೆ ನಿದ್ದೆಗೆಟ್ಟು ಮಾರ್ಕೆಟ್ಟಿಗೆ ಹೋಗಿ ಬಂದವನ ಶ್ರಮಕ್ಕೆ ಬೆಲೆಯೇ ಇಲ್ವಾ? ಈ ಪ್ರಶ್ನೆ ಹಿಡಿದು ನನ್ನ ಪರ ನಾನೇ ತುಂಬಾ ದಿನ ವಾದ ಮಾಡಿದೆ. ಊರಲ್ಲಿ ಆಡು ಕೊಯ್ದವನಿಗೆ ಇಷ್ಟು ಅಂತ ಗುಡ್ಡೆ ಹಾಕೋಕೆ ಮುಂಚೆಯೇ ಎತ್ತಿಡ್ತಿದ್ದರು. ಎಲ್ಲರ ಎದುರಿಗೇ. ಅದಕ್ಕೆ ಯಾರೂ ತಕರಾರು ಮಾಡಿದ್ದು ನಾನು ನೋಡಿಲ್ಲ. ನಾನೂ ಗ್ರೂಪಿನಲ್ಲಿ ‘ಹೋಗಿ ಬರೋದಕ್ಕೆ ನನಗೆ ಇಂತಿಷ್ಟು’ ಅಂತ ಕೇಳಬಹುದಿತ್ತು. ಕೇಳಲಿಲ್ಲ, ಯಾಕಂದರೆ ಕೇಳಿದರೆ ಕೂಲಿಯವನ ಥರ ಕಾಣ್ತೀನಿ. ಕೇಳದೆ ಇದ್ದರೆ ಉಪಕಾರಿಯೂ ಆಗ್ತೀನಿ, ಒಳ್ಳೇ ಟೊಮೆಟೊನೂ ಸಿಗುತ್ತೆ. ನನಗೆ ಈಗಲೂ ಚುಚ್ಚೋದು ಟೊಮೆಟೊ ಅಲ್ಲ, ಈ ಲೆಕ್ಕಾಚಾರ.

ಕೊನೆಗೆ ಗ್ರೂಪಿಗೆ ಬರೆದೆ: ಇನ್ಮೇಲೆ ಆರು ಗುಡ್ಡೆ ಹಾಕೋಣ, ಬಲಿತದ್ದು, ಹಣ್ಣಾದದ್ದು, ಒಡೆದದ್ದು ಎಲ್ಲದರಲ್ಲೂ ಇರಲಿ, ಚೀಟಿ ಎತ್ತೋಣ, ಪೆಟ್ರೋಲ್ ಖರ್ಚು ಎಲ್ಲರೂ ಹಂಚಿಕೊಳ್ಳೋಣ. ‘ಪೆಟ್ರೋಲ್ ಸರಿ ಸಾರ್, ಚೀಟಿ ಯಾಕೆ? ತರೋರು ನೀವು, ಒಳ್ಳೇದು ನೀವೇ ಇಟ್ಕೊಳ್ಳಿ, ನಾವೇನು ಅಂದುಕೊಳ್ಳಲ್ಲ’ ಅಂತ ಮೂರನೇ ಮಹಡಿಯವರು ಉತ್ತರ ಹಾಕಿದರು. ಅಂದರೆ ಅವರಿಗೆ ಮೊದಲಿನಿಂದ ಗೊತ್ತಿತ್ತು. ಆ ಮೆಸೇಜನ್ನು ಎಷ್ಟು ಸಲ ಓದಿದೆನೋ.

ಹೋದ ಭಾನುವಾರ ಮೊದಲ ಚೀಟಿ ಟೀಚರಮ್ಮನದೇ ಬಂತು. ನಾನೇ ಚೀಲ ಒಯ್ದು ಕೊಟ್ಟೆ. ಒಳಗೆ ಕೈಯಾಡಿಸಿ ನೋಡಿ ಕೇಳಿದರು, ‘ಈ ಸಲ ಚೆನ್ನಾಗಿ ಬಂದಿದೆಯಲ್ಲಪ್ಪಾ, ಮಂಡಿ ಬದಲಾಯಿಸಿದೆಯಾ?’

‘ಹೌದಮ್ಮಾ’ ಅಂದುಬಿಟ್ಟೆ.