ಹಸ್ತಾಕ್ಷರಸಂಗ್ರಹದಲ್ಲಿ ವಿವೇಕ

ನಮ್ಮ ಹಿಟ್ನಾಳದಂಥ ಊರಿನ ಬಾಲಕನೂ ಕ್ರಿಕೆಟ್ಟಿಗರ ಹಸ್ತಾಕ್ಷರಗಳನ್ನು ಸಂಗ್ರಹಿಸಬಯಸಬಹುದು. ಪುಟಗಳು ಪರಿಮಿತ, ಯಾರಿಗೆ ಸ್ಥಳವೀಯತಕ್ಕದ್ದು? ಓಟಗಳ ಸಂಖ್ಯೆಯೊಂದೇ ಪ್ರಮಾಣವೆಂಬುದು ಪೂರ್ವಪಕ್ಷ. ಅಂಕಿಗಳು ಕೌಶಲವನ್ನು ಅಳೆಯುವುವು, ಶೀಲವನ್ನು ಅಳೆಯಲಾರವು.

1980ರ ಮುಂಬಯಿಯ ಸುವರ್ಣಮಹೋತ್ಸವ ಟೆಸ್ಟಿನಲ್ಲಿ ಭಾರತದ ನಾಯಕರು ಭದ್ರಾವತಿಯ ಜಿ. ಆರ್. ವಿಶ್ವನಾಥರು. ಇಂಗ್ಲೆಂಡಿನ ಬಾಬ್ ಟೇಲರರು ಔಟೆಂದು ಅಂಪೈರು ತೀರ್ಪಿತ್ತರೂ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡು ವಿಶ್ವನಾಥರು ಅವರನ್ನು ಮರಳಿ ಕರೆದರು. ಟೇಲರ್‌-ಬೋಥಮರ ಜೊತೆಯಾಟದಲ್ಲಿ 171 ಓಟಗಳು ಬಂದು, ಕಡೆಗೆ ಭಾರತವು ಸೋತಿತು. ಅಂಥವರ ರುಜುವಿಗೆ ಮೊದಲ ಪುಟವೇ ಸಲ್ಲತಕ್ಕದ್ದು.

ಹಾಗಾದರೆ ಹಣಕ್ಕೆ ಆಟವನ್ನು ಮಾರಿಕೊಂಡ ಕುಶಲನ ಗತಿಯೇನು? ಇತಿಹಾಸವು ಅವನನ್ನು ಬಿಡಲಾಗದು. ಅದು ನಡೆದುದರ ದಫ್ತರ. ಹಸ್ತಾಕ್ಷರಪುಸ್ತಕವಾದರೋ ಗೌರವದ ಪೀಠ. ಅಲ್ಲಿ ಕೌಶಲದ ರುಜುವಿಗೆ ಶೀಲವು ಸಾಕ್ಷಿ ಹಾಕಬೇಕು.